ನೀರ ಕೆಳಗಿನ ನಂಬರು

ಜಿಪಿಎಸ್ ರಿಸೀವರಿನಿಂದ ಹೊರಬಂದಿದ್ದ ತಂತಿಗಳು ನಾಲ್ಕು. ಕೆಂಪು, ಕಪ್ಪು ಎರಡೂ ಕರೆಂಟಿನವು ಎಂಬುದು ಬಾಳೇಶನಿಗೆ ಗೊತ್ತಿತ್ತು. ಉಳಿದ ಹಸಿರು ಮತ್ತು ಬಿಳಿಯಲ್ಲಿ ಯಾವುದು ಮಾತಾಡುತ್ತದೆ, ಯಾವುದು ಕೇಳಿಸಿಕೊಳ್ಳುತ್ತದೆ ಎಂಬುದನ್ನು ಮಾತ್ರ ಯಾರೂ ಎಲ್ಲಿಯೂ ಬರೆದಿರಲಿಲ್ಲ. ಮಾತಾಡುವ ತಂತಿಯನ್ನು ರೇಡಿಯೋದ ಕಿವಿಗೆ ಕೂಡಿಸಬೇಕು. ಅದಲುಬದಲಾದರೆ ಎರಡೂ ಒಂದರ ಮುಖ ಒಂದು ನೋಡುತ್ತ ಸುಮ್ಮನೆ ಕೂರುತ್ತವೆ.

ಮುಧೋಳದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಹೀಗೆ ಬೆಸುಗೆ ಹಾಕುತ್ತ, ಬಿಚ್ಚುತ್ತ ಅವನು ಕೂತದ್ದು ಅದು ಮೂರನೆಯ ಭಾನುವಾರ. 2011ರ ಏಪ್ರಿಲ್. ಹೊರಗೆ ಬಿಸಿಲು ಬಿಳಿಚಿಕೊಂಡಿತ್ತು. ವಾರದ ಆರು ದಿನ ಸಕ್ಕರೆ ಕಾರ್ಖಾನೆಯಲ್ಲಿ ಒತ್ತಡ ಅಳೆಯುವ, ಶಾಖ ಅಳೆಯುವ ಮೀಟರುಗಳನ್ನು ರಿಪೇರಿ ಮಾಡುವ ಕೆಲಸ ಅವನದು. ಏಳನೆಯ ದಿನ ಹ್ಯಾಮ್ ರೇಡಿಯೋ. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸನ್ಸ್ ಪಡೆದು, ತಾರಸಿಯ ಮೇಲೆ ಏರಿಯಲ್ ನಿಲ್ಲಿಸಿ, ಮುಖ ಕಾಣದ ಜನರೊಡನೆ ಗಾಳಿಯಲ್ಲಿ ಮಾತಾಡುವ ಈ ಹವ್ಯಾಸಕ್ಕೆ ಹದಿನೈದು ವರ್ಷವಾಗಿತ್ತು.

"ಇನ್ನೂ ಬಾಯಿ ಬಿಡವಲ್ದೇನು ಅದು?" ಹೊಸ್ತಿಲ ಬಳಿ ಮೊರದಲ್ಲಿ ಕಡಲೆ ಆರಿಸುತ್ತಿದ್ದ ಅವನ ತಾಯಿ ತಾಯವ್ವ ಕೇಳಿದಳು.

"ಇಲ್ಲವ್ವ."

"ನಿನ್ನಂಗ ಐತಿ ಬಿಡು. ನೀನೂ ಮೂರ ವರ್ಷ ಆಗೂತನಕ ಮಾತಾಡಿರಲಿಲ್ಲ."

ಅಡುಗೆಮನೆಯಿಂದ ಹೆಂಡತಿ ದಾನಮ್ಮ ನಕ್ಕದ್ದು ಕೇಳಿಸಿತು. "ಈಗರ ಏನ್ ಭಾಳ ಮಾತಾಡ್ತಾರ್ರಿ ಅತ್ತಿ? ಎಲ್ಲಾ ಆ ಡಬ್ಬಿ ಜೋಡಿ."

ಇಷ್ಟು ವರ್ಷ ಬೇಕಾಗದ ಈ ಜೋಡಣೆ ಈಗ ಬೇಕಾದದ್ದು ತಾಯವ್ವನ ಮೊಣಕಾಲಿನಿಂದಾಗಿ. ಹಿಂದಿನ ವರ್ಷ, ಸತ್ತವರಿಗೆ ಎಡೆ ಇಡುವ ಮಾನಮಿ ಅಮಾಸಿಯ ದಿನ ದೋಣಿ ಹತ್ತುವಾಗ ಅವಳು ಜಾರಿ ಬಿದ್ದಿದ್ದಳು. ಇನ್ನು ದೋಣಿಯ ಹೆಸರೆತ್ತಬಾರದೆಂದು ಡಾಕ್ಟರು ಹೇಳಿದ್ದರು. ಅವಳು ಎರಡು ದಿನ ಊಟ ಬಿಟ್ಟಳು. ಆಗ ಬಾಳೇಶ ಮಾತು ಕೊಟ್ಟಿದ್ದ: ನೀನು ದಂಡೆಯಲ್ಲಿ ಕೂತಿರು, ದೋಣಿಯಲ್ಲಿ ನಾನು ಹೋಗುತ್ತೇನೆ. ಈ ರಿಸೀವರು ಆಕಾಶದ ಉಪಗ್ರಹಗಳನ್ನು ಕೇಳಿ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ, ರೇಡಿಯೋ ಅದನ್ನು ದಂಡೆಗೆ ಕಳಿಸುತ್ತದೆ, ಗೆಳೆಯ ಸುಭಾಷನ ಕಂಪ್ಯೂಟರಿನಲ್ಲಿ ದೋಣಿ ಒಂದು ಚುಕ್ಕಿಯಾಗಿ ನಡೆಯುವುದು ನಿನಗೆ ಕಾಣುತ್ತದೆ. ಶೇವಂತಿಯನ್ನು ಮುಟ್ಟಿದ್ದನ್ನು ನಿನ್ನ ಕಣ್ಣಿಂದಲೇ ನೋಡುವಿಯಂತೆ.

ಶೇವಂತಿ ಬಾಳೇಶನ ತಂಗಿ. 1998ರ ಶ್ರಾವಣದಲ್ಲಿ ಕಾಮಾಲೆಯಾಗಿ ಹದಿನಾರು ದಿನಕ್ಕೆ ಹೋದಳು. ಹತ್ತೊಂಬತ್ತು ವಯಸ್ಸು. ಗಲಗಲಿಯಿಂದ ಕೆಳಕ್ಕೆ, ಹೊಳೆಯ ದಂಡೆಯಲ್ಲಿದ್ದ ಅವರ ಊರಿನಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ, ಕುಳ್ಳಿರಿಸಿ, ಮಣ್ಣು ಮಾಡುತ್ತಿದ್ದರು. ಅವಳನ್ನೂ ಹಾಗೆಯೇ ಹೊಲದ ತಗ್ಗಿನ ಬದುವಿನ ಬಳಿ ಕೂರಿಸಿ, ತಲೆಯ ಮೇಲೊಂದು ಕಲ್ಲು ನಿಲ್ಲಿಸಿ ಬಂದರು. ಮರುವರ್ಷ ಊರಿಗೆ ನೋಟೀಸು ಬಂತು. ಆಲಮಟ್ಟಿ ಅಣೆಕಟ್ಟಿನ ನೀರು ಇಲ್ಲಿಯವರೆಗೂ ಬರುವುದು ಖಚಿತವಾಯಿತು. ಜನ ಜಂತಿ, ಬಾಗಿಲು, ತೊಲೆ ಕಿತ್ತುಕೊಂಡು ದಿಬ್ಬದ ಮೇಲಿನ ಹೊಸ ಊರಿಗೆ ಸಾಗಿಸತೊಡಗಿದರು. ಕೆಲವರು ಹಿರಿಯರ ಸಮಾಧಿಯ ಕಲ್ಲು ಕಿತ್ತುಕೊಂಡರು, ಕೆಲವರು ಒಂದು ಬುಟ್ಟಿ ಮಣ್ಣು ತುಂಬಿಕೊಂಡರು. ಹೊಸ ಊರಿನಲ್ಲಿ ಅದನ್ನೇ ಇಟ್ಟು ಪುಟ್ಟ ಗದ್ದುಗೆ ಕಟ್ಟುವುದು ಅವರ ಲೆಕ್ಕ. ತಾಯವ್ವನೂ ಬುಟ್ಟಿ ಹಿಡಿದು ಹೊರಟಿದ್ದಳು.

ತಡೆದವನು ಬಾಳೇಶ.

ಆ ಚಳಿಗಾಲದಲ್ಲಿ ರಬಕವಿಯ ಗೆಳೆಯ ಸುಭಾಷ್, ಪುಣೆಯ ಒಬ್ಬ ಹ್ಯಾಮ್‌ನಿಂದ ಜಿಪಿಎಸ್ ಯಂತ್ರವೊಂದನ್ನು ಎರಡು ದಿನದ ಮಟ್ಟಿಗೆ ತಂದಿದ್ದ. ಸುಭಾಷ್ ನೇಕಾರರ ಮನೆಯವನು. ಪವರ್‌ಲೂಮಿನ ಸದ್ದಿನಲ್ಲೇ ಬೆಳೆದು, ರೇಡಿಯೋದ ಹುಚ್ಚು ಹಿಡಿಸಿಕೊಂಡವನು. ಇಟ್ಟಿಗೆಯ ಗಾತ್ರದ ಆ ಯಂತ್ರವನ್ನು ತಂಗಿಯ ಕಲ್ಲಿನ ಮೇಲಿಟ್ಟು ಬಾಳೇಶ ಕಾದ. ಹತ್ತು ನಿಮಿಷಕ್ಕೆ ಅಂಕಿಗಳು ಮೂಡಿದವು: ಇಷ್ಟು ಡಿಗ್ರಿ ಉತ್ತರ, ಇಷ್ಟು ಡಿಗ್ರಿ ಪೂರ್ವ. ಬರೆದುಕೊಂಡ. "ಅವ್ವ, ಕಲ್ಲು ಇಲ್ಲೇ ಇರಲಿ. ಮಣ್ಣೂ ಬ್ಯಾಡ. ಅಕಿನ್ನ ಎಬ್ಬಿಸೂದ ಬ್ಯಾಡ. ಎಷ್ಟ ನೀರು ಬರಲಿ, ಈ ನಂಬರು ನಿನ್ನ ಸೀದಾ ಇಲ್ಲಿಗೇ ಕರಕೊಂಡ ಬರತೈತಿ" ಎಂದ. ಆಗ ಅವನಿಗೆ ಇಪ್ಪತ್ತೊಂಬತ್ತು. ಜಗತ್ತಿನಲ್ಲಿ ಅಳತೆಗೆ ಸಿಕ್ಕದ್ದು ಕಳೆದುಹೋಗುವುದಿಲ್ಲ ಎಂದು ಖಂಡಿತವಾಗಿ ನಂಬಿದ್ದ. ತಾಯವ್ವ ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಮನೆಗೆ ಮರಳಿದಳು.

ಸುದ್ದಿ ಹಬ್ಬಿತು. ಮರುದಿನ ಬೆಳಗಾಗುವಷ್ಟರಲ್ಲಿ ಅರ್ಧ ಊರೇ ಅವನ ಹಿಂದೆ. ನಮ್ಮ ಅಪ್ಪಂದು ಬರಕೋ, ನಮ್ಮ ಕೂಸಿಂದು ಬರಕೋ. ಒಬ್ಬ ತನ್ನ ಬಾವಿಯನ್ನು ಬರೆಸಿದ. ಊರ ಪೂಜಾರಿ ಗುಡಿಯ ಕಟ್ಟೆಯನ್ನು ಬರೆಸಿದ. ಬ್ಯಾಟರಿ ಮುಗಿಯುತ್ತ ಬಂತು, ಹೊತ್ತೂ ಇಳಿಯಿತು. ಪ್ರತಿ ಜಾಗಕ್ಕೂ ಒಂದೇ ಒಂದು ಸಲ ನೋಡಿ ಬರೆಯುತ್ತ ಓಡಿದ. ನೋಟ್‌ಬುಕ್ಕಿನಲ್ಲಿ ಇಪ್ಪತ್ತೇಳು ಜಾಗಗಳಾದವು. ಶೇವಂತಿಯದು ಒಂದನೆಯದು.

ನೀರು ಬಂದ ಮೇಲೆ ಅದೊಂದು ಪದ್ಧತಿಯೇ ಆಗಿಹೋಯಿತು. ಮಾನಮಿ ಅಮಾಸಿಯ ಬೆಳಿಗ್ಗೆ ಜನ ಎಡೆ ಕಟ್ಟಿಕೊಂಡು ದಂಡೆಗೆ ಬರುವರು. ಬಾಳೇಶ ಆಮೇಲೆ ತಾನೇ ಕೊಂಡ ಯಂತ್ರ ಹಿಡಿದು ದೋಣಿಯ ಮೂತಿಯಲ್ಲಿ ಕೂರುವನು. ನಂಬರು ಕೂಡಿದಲ್ಲಿ ಕೈ ಎತ್ತುವನು. ಅಲ್ಲಿ ಎಡೆಯನ್ನು ನೀರಿಗೆ ಬಿಟ್ಟು, ಇಷ್ಟು ಅತ್ತು, ಇಷ್ಟು ಮಾತಾಡಿ ಬರುವರು. 'ಸಮಾಧಿಗೆ ಹೋಗಿಬಂದೆ' ಎಂಬ ಮಾತೇ ಊರಿನಿಂದ ಮಾಯವಾಯಿತು. 'ನಂಬರಿಗೆ ಹೋಗಿಬಂದೆ' ಎನ್ನುತ್ತಿದ್ದರು. ಬೀಳಗಿಯ ಸಂತೆಯಲ್ಲಿ ಬಾಗಲಕೋಟೆಯ ಬಸ್ಸಿಗೆ ಕಾಯುತ್ತ ನಿಂತ ಹೆಂಗಸರು "ನಿಮ್ಮ ನಂಬರು ಎಷ್ಟನೇದ?" ಎಂದು ಮಾತಾಡಿಕೊಳ್ಳುವುದನ್ನು ಅವನೇ ಕೇಳಿದ್ದ.

ಆ ಭಾನುವಾರ ಮಧ್ಯಾಹ್ನ ಬಿಳಿ ತಂತಿಯನ್ನು ಬಿಟ್ಟು ಹಸಿರನ್ನು ಕೂಡಿಸಿ, ರೇಡಿಯೋದ ಸೆಟ್ಟಿಂಗಿನಲ್ಲಿ ಅಂಕಿ ಕೇಳಿಸಿಕೊಳ್ಳುವ ವೇಗವನ್ನು ಅರ್ಧಕ್ಕೆ ಇಳಿಸಿದಾಗ, ಅದರ ಪರದೆಯ ಮೂಲೆಯಲ್ಲಿ ಪುಟ್ಟದೊಂದು ಚಿಹ್ನೆ ಮಿನುಗತೊಡಗಿತು. ಆಮೇಲೆ ಅಂಕಿಗಳು.

"ಮಾತಾಡ್ತವ್ವ" ಎಂದ.

"ಏನಂತೈತಿ?"

"ನಾವು ಮುಧೋಳದಾಗ ಅದೇವಿ ಅಂತೈತಿ."

"ಅದನ್ನ ನನ್ನ ಕೇಳಿದ್ರ ನಾನ ಹೇಳ್ತಿದ್ನಲ್ಲೋ" ಎಂದು ತಾಯವ್ವ ಕಡಲೆಯ ಕಡೆ ತಿರುಗಿದಳು. ಆದರೆ ಅವಳ ಮುಖ ಅರಳಿತ್ತು.

ರಿಸೀವರನ್ನು ತಾರಸಿಯ ಗೋಡೆಯ ಮೇಲಿಟ್ಟು, ಅಂಕಿಗಳು ಎಷ್ಟು ಸ್ಥಿರವಾಗಿರುತ್ತವೆಂದು ನೋಡಲು ಬಾಳೇಶ ಸಂಜೆಯವರೆಗೂ ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡ. ಅಲುಗಾಡಲೇ ಇಲ್ಲ. ಕೊನೆಯ ಒಂದಂಕಿ ಎಲ್ಲೋ ಒಮ್ಮೆ ಬದಲಾದರೆ ಬದಲಾಯಿತು. ಅಂದರೆ ನಾಲ್ಕೈದು ಹೆಜ್ಜೆ, ಅಷ್ಟೇ. ಅವನಿಗೆ ಸಂತೋಷವಾಗಬೇಕಿತ್ತು. ಬದಲಿಗೆ ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನ ನೆನಪಾಯಿತು. ಆ ದಿನ ಶೇವಂತಿಯ ಕಲ್ಲಿನ ಮೇಲೆ ಯಂತ್ರ ಅಲುಗದೆ ಕೂತಿದ್ದರೂ ಅಂಕಿಗಳು ಕುಣಿಯುತ್ತಿದ್ದವು. ಒಂದಲ್ಲ, ಕೊನೆಯ ಎರಡಂಕಿ. ತನ್ನ ಕಣ್ಣಲ್ಲಿ ನೀರಿದ್ದುದರಿಂದ ಹಾಗೆ ಕಾಣುತ್ತಿದೆ ಎಂದುಕೊಂಡು, ಕಣ್ಣೊರೆಸಿ, ಆ ಕ್ಷಣಕ್ಕೆ ಕಂಡದ್ದನ್ನು ಬರೆದಿದ್ದ.

ಸುಭಾಷನನ್ನು ರೇಡಿಯೋದಲ್ಲಿ ಕರೆದ.

"ಲೇ ಸುಭಾಷ್, ಆ ಪುಣೆದವರ ಜಿಪಿಎಸ್ ಇತ್ತಲ್ಲ. ಅದು ಯಾವ ವರ್ಷ ತಂದಿದ್ದಿ?"

"ತೊಂಬತ್ತೊಂಬತ್ತ. ಡಿಸೆಂಬರ್. ಯಾಕ?"

"ಅದರ ಅಂಕಿ ಕುಣೀತಿದ್ವು."

ಸುಭಾಷ್ ನಿಧಾನವಾಗಿ ಹೇಳಿದ, "ಬಾಳ್ಯಾ, ಎರಡ ಸಾವಿರದ ಮೇ ತಿಂಗಳತನಕ ಅಮೇರಿಕಾದವ್ರು ಅದರಾಗ ಬೇಕಂತನ ತಪ್ಪು ಕೂಡಿಸಿ ಬಿಡ್ತಿದ್ರು. ಖರೆ ಜಾಗಾ ಅವರ ಮಿಲಿಟ್ರಿಗೆ ಅಷ್ಟ. ನಮ್ಮಂಥವರಿಗೆ ನೂರ ಮೀಟರ ಹಿಂದಮುಂದ. ಆಮ್ಯಾಲ ತಗದ್ರು. ನಾ ಎಲ್ಲೋ ಓದಿದ್ದೆ... ನಿನ್ನ ನೋಟ್‌ಬುಕ್ಕಿಗೆ ಇದನ್ನ ಹಚ್ಚಿ ಯಾವತ್ತೂ ವಿಚಾರ ಮಾಡಲಿಲ್ಲ ನೋಡು."

ವಿಚಾರ ಮಾಡಬೇಕಾದವನು ಸುಭಾಷ್ ಅಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಒಂದು ಮೀಟರನ್ನು ನಂಬುವ ಮೊದಲು ಇನ್ನೊಂದಕ್ಕೆ ತಾಳೆ ನೋಡು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವನು ಬಾಳೇಶನೇ.

ಮೇ ತಿಂಗಳಲ್ಲಿ ಹಿನ್ನೀರು ಹಿಂದೆ ಸರಿದು, ಹಳೆಯ ಊರಿನ ಮೇಲ್ಭಾಗ ಅಷ್ಟಿಷ್ಟು ತೆರೆದುಕೊಳ್ಳುತ್ತದೆ. ತಗ್ಗಿನ ಹೊಲಗಳು ಮಾತ್ರ ಎಂದೂ ಹೊರಬರುವುದಿಲ್ಲ. ಶೇವಂತಿಯ ಬದು ಆ ತಗ್ಗಿನಲ್ಲಿತ್ತು. ಆದರೂ ಬಾಳೇಶನಿಗೆ ಒಂದು ಆಸೆಯಿತ್ತು. ಗುಡಿಯ ಕಟ್ಟೆ ನಾಲ್ಕನೆಯ ನಂಬರು, ಅಂದು ಬರೆಸಿದ ಬಾವಿ ಒಂಬತ್ತನೆಯದು. ಎರಡೂ ಬೇಸಿಗೆಯಲ್ಲಿ ಹೊರಗೆ ಕಾಣುತ್ತವೆ. ಅಲ್ಲಿ ನಿಂತು ಹೊಸ ರಿಸೀವರಿನಿಂದ ಅಳೆದು, ತಪ್ಪು ಎಷ್ಟು, ಯಾವ ದಿಕ್ಕಿಗೆ ಎಂದು ಕಂಡುಕೊಂಡರೆ, ಅಷ್ಟೇ ತಪ್ಪನ್ನು ಶೇವಂತಿಯ ನಂಬರಿನಿಂದ ಕಳೆಯಬಹುದು. ಕಳೆದದ್ದು ಮತ್ತೆ ಸಿಗಬಹುದು.

ದೋಣಿಯ ಹೊಳೆಪ್ಪ ಅವನನ್ನು ಒಣ ಕೆಸರಿನವರೆಗೆ ಮುಟ್ಟಿಸಿ, ತಾನೂ ಹಿಂದೆ ಬಂದ. ಎಪ್ಪತ್ತರ ಹತ್ತಿರದ ಅಂಬಿಗ. ಬಾಳೇಶನ ಹೆಗಲಲ್ಲಿ ರೇಡಿಯೋ, ಮೋಟಾರ್‌ಸೈಕಲ್ಲಿನ ಬ್ಯಾಟರಿ, ಟೊಪ್ಪಿಗೆಯ ಮೇಲೆ ಅಂಟಿಸಿದ ರಿಸೀವರು.

"ತಲೀ ಮ್ಯಾಲ ಅದೇನ ತಮ್ಮಾ, ಹೋಳಿಗಿ?"

"ಉಪಗ್ರಹ ಹಿಡಿಯೂದು ಕಾಕಾ."

"ಹಿಡಿ ಹಿಡಿ. ಮೀನ ಅಂತೂ ಈ ವರ್ಷ ಸಿಗವಲ್ವು."

ಸಿಡಿಲು ಬಡಿದಂತೆ ಬಿರುಕುಬಿಟ್ಟ ಗುಡಿಯ ಕಟ್ಟೆಯ ಮೇಲೆ ನಿಂತು ಬಾಳೇಶ ನೋಡಿದ. ನೋಟ್‌ಬುಕ್ಕಿನ ನಾಲ್ಕನೆಯ ನಂಬರು ಅಲ್ಲಿಂದ ಅರವತ್ತೊಂದು ಮೀಟರು ಈಶಾನ್ಯಕ್ಕೆ, ಖಾಲಿ ಕೆಸರಿನ ನಡುವೆ ಬಿದ್ದಿತ್ತು. ಬಾವಿಯತ್ತ ನಡೆದ. ಅದೂ ಈಶಾನ್ಯಕ್ಕೆ ಅರವತ್ತೊಂದು ಎಂದು ಬಂದರೆ ಸಾಕಿತ್ತು. ಒಂಬತ್ತನೆಯ ನಂಬರು ಬಾವಿಯಿಂದ ಮೂವತ್ತೆಂಟು ಮೀಟರು ಪಡುವಣಕ್ಕಿತ್ತು.

ತಪ್ಪಿಗೂ ಒಂದು ದಿಕ್ಕಿರಲಿಲ್ಲ. ಗಳಿಗೆಗೊಂದು ಕಡೆ ಹೊರಳುತ್ತಿದ್ದ ತಪ್ಪು ಅದು. ಬಾವಿಯ ಕಲ್ಲಿನ ಮೇಲೆ ಅವನು ಕೂತ. ಹೊಳೆಪ್ಪ ತಂಬಾಕು ತಿಕ್ಕುತ್ತ ನಿಂತ.

"ಕಾಕಾ," ಎಂದ ಬಾಳೇಶ ಕೊನೆಗೆ, "ಮೊದಲನೇ ವರ್ಷ ಅವ್ವನ್ನ ಕರಕೊಂಡ ಹೋದಾಗ, ನಿಮ್ಮ ಹೊಲ ಇಲ್ಲಲ್ಲ, ಇನ್ನೂ ಆಕಡೆ ಅಂದಿದ್ದಿ ನೀನು. ನಾ ಕೇಳಲಿಲ್ಲ."

"ಅಂದಿದ್ದೆ. ನೀ ಆ ಡಬ್ಬಿ ತೋರಿಸಿ, ಕಾಕಾ, ಇದು ಆಕಾಶದಿಂದ ನೋಡತೈತಿ ಅಂದಿ."

"ಯಾಕಡೆ ಅಂದಿದ್ದಿ ಕಾಕಾ? ಈಗ ಹೇಳು. ಅಲ್ಲಿಗೇ ಹೋಗೂಣು."

ಹೊಳೆಪ್ಪ ನೀರಿನತ್ತ ನೋಡಿದ. ಕಣ್ಣು ಕಿರಿದು ಮಾಡಿ, ಗುಡ್ಡದ ಸಾಲನ್ನೂ ಆಚೆ ದಂಡೆಯ ಮರಗಳನ್ನೂ ನೋಡಿದ. ಕೈ ಎತ್ತಿದ. ಮತ್ತೆ ಇಳಿಸಿದ.

"ಆಗ ನನ್ನ ಕಣ್ಣಾಗ ಇತ್ತು, ತಮ್ಮಾ. ಆಚಿ ದಂಡಿ ಜಾಲಿಮರಕ್ಕ ಗುಡ್ಡದ ತುದಿ ಕೂಡಿಸಿ ಏನೋ ಗುರತ ಇಟ್ಟಿದ್ದೆ. ಹನ್ನೊಂದ ವರ್ಷ ನಿನ್ನ ನಂಬರಿಗೇ ಹುಟ್ಟ ಹಾಕಿ ಹಾಕಿ, ಈಗ ಹೊಲ ಅಂದ್ರ ನನಗ ಅದ ಕಾಣತೈತಿ. ಮೊದಲಿಂದು ಅಳಿಸಿ ಹೋತು." ತಂಬಾಕು ಬಾಯಿಗೆ ಹಾಕಿಕೊಂಡು ಹೇಳಿದ, "ಸುಳ್ಳ ಹೇಳಿ ಎಲ್ಲ್ಯರ ಬೆರಳ ಮಾಡ್ಲಿ ಅಂದ್ರ, ನಿಮ್ಮವ್ವನ ಮಾರಿ ನೆನಪಾಗತೈತಿ."

ತಾಯಿಗೆ ಹೇಳಬೇಕೋ ಬೇಡವೋ ಎಂದು ಬಾಳೇಶ ಮೂರು ವಾರ ತೊಳಲಾಡಿದ. ಹೇಳದಿದ್ದರೆ ಏನೂ ಆಗುವುದಿಲ್ಲ. ಅಮಾಸಿಯ ದಿನ ಚುಕ್ಕಿ ನಡೆದು ನಂಬರಿಗೆ ಮುಟ್ಟುತ್ತದೆ, ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಆದರೆ ಯಂತ್ರ ಈಗ ಎಷ್ಟು ಸರಿಯಾಗಿತ್ತೆಂದರೆ ಆ ಸರಿಯೇ ಅವನಿಗೆ ಸಹಿಸಲಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆಯೂ ಆಚೀಚೆಯಾಗದಂತೆ ಅದು ತಪ್ಪು ಜಾಗಕ್ಕೆ ಕರೆದೊಯ್ಯಬಲ್ಲದು. ರೊಟ್ಟಿ ನೀಡುವಾಗ ದಾನಮ್ಮ ಅವನ ಮುಖ ನೋಡಿ ಇನ್ನೊಂದು ರೊಟ್ಟಿ ಹಾಕಿ ಹೋಗುತ್ತಿದ್ದಳು.

ಒಂದು ಸಂಜೆ ಕಟ್ಟೆಯ ಮೇಲೆ ತಾಯಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಅಮೇರಿಕಾ, ಮಿಲಿಟರಿ, ಕುಣಿಯುವ ಅಂಕಿ, ಗುಡಿ, ಬಾವಿ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು.

ತಾಯವ್ವ ಕೇಳಿದ್ದು ಎರಡೇ. "ಎಷ್ಟ ದೂರ?"

"ನೂರ ಮೀಟರಿನ ಒಳಗ ಅಂತಾರವ್ವ."

"ಯಾ ಕಡಿ?"

"ಗೊತ್ತಿಲ್ಲ."

ನೂರರಲ್ಲಿ ಐದು ಸಲ ಅದು ನೂರು ಮೀಟರನ್ನೂ ದಾಟಿರುತ್ತಿತ್ತು ಎಂಬುದನ್ನು ಅವನು ಹೇಳಲಿಲ್ಲ. ಅವಳು ಎದ್ದು, ಗೋಡೆ ಹಿಡಿದುಕೊಂಡು, ಒಳಗೆ ಹೋದಳು. ಬೈಯಲಿಲ್ಲ. ಬುಟ್ಟಿಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ದಿನಗಳಲ್ಲಿ ಮನೆಯಲ್ಲಿ ಉಪ್ಪಿನ, ಮಜ್ಜಿಗೆಯ, ಕಾರ್ಖಾನೆಯ ಮಾತುಗಳೆಲ್ಲ ನಡೆದವು. ಆ ಒಂದು ಮಾತಿನ ಸುತ್ತ ಮೂವರೂ ಎಚ್ಚರದಿಂದ ಓಡಾಡಿದರು.

ಹತ್ತನೆಯ ದಿನ ಅವನ ತಟ್ಟೆಗೆ ಪಲ್ಯ ಹಾಕುತ್ತ ತಾಯವ್ವ ತಾನಾಗಿಯೇ ಕೇಳಿದಳು. "ಸುತ್ತಕಡೀನೂ ನೂರ ಮೀಟರ ಅಂದ್ರ, ಎಷ್ಟ ಜಾಗಾ ಆತೋ ಅದು?"

ಅವನು ಲೆಕ್ಕ ಮಾಡಿದ. "ಏಳ ಎಕರೆ ಮೂವತ್ತ ಗುಂಟೆ."

"ಅಷ್ಟನ?" ಅವಳು ಮಗನ ಮುಖ ನೋಡಿದಳು. "ನಮ್ಮ ಹೊಲ ಹನ್ನೆರಡ ಎಕರೆ ಇತ್ತು. ನಿಮ್ಮಪ್ಪ ಕೂರಿಗಿ ಹಿಡದ್ರ ಹಿಂದಿಂದ ನಾ ಒಬ್ಬಾಕೀನ ಬಿತ್ತಿ ಬರ್ತಿದ್ದೆ. ಒಂದ ದಿನಾನೂ ಬೀಜ ಕಮ್ಮಿ ಬಿದ್ದಿಲ್ಲ." ಪಲ್ಯದ ಸೌಟನ್ನು ಪಾತ್ರೆಯೊಳಗಿಟ್ಟಳು. "ಈ ಸಲ ಹೋಳಿಗಿ ಬ್ಯಾಡ. ಮಾದಲಿ ಮಾಡ್ತೇನಿ. ಉದುರ ಉದುರ ಇರತೈತಿ. ಒಂದ ಕಡೆ ಬಿಡಬ್ಯಾಡ. ಅಷ್ಟೂ ಜಾಗಾಕ್ಕ ಬಿತ್ತಿಕೋತ ಬಾ. ಎಲ್ಲೇ ಕುಂತಿರ್ಲಿ, ಅಕಿ ಮ್ಯಾಲ ನಾಕ ಕಾಳರ ಬೀಳತಾವು."

"ಊರವರಿಗೆ ಏನ ಹೇಳೂಣವ್ವ? ಅಷ್ಟೂ ಮಂದಿ ನನ್ನ ನಂಬ್ಯಾರ."

ತಾಯವ್ವ ಪಲ್ಯದ ಪಾತ್ರೆಗೆ ಮುಚ್ಚಳ ಹಾಕಿದಳು. "ಕೇಳಿದವರಿಗೆ ಸುಳ್ಳ ಹೇಳಬ್ಯಾಡ. ಕೇಳದವರಿಗೆ ಹೇಳಾಕ ಹೋಗಬ್ಯಾಡ. ಪದ್ಮವ್ವಗಂತೂ ಬ್ಯಾಡ. ವರ್ಷಕ್ಕೊಮ್ಮಿ ಅಲ್ಲಿ ಹೋಗಿ ಗಂಡನ್ನ ಬೈದು ಬರ್ತಾಳ. ಬೈಯಾಕರ ಅಕೀಗೊಂದ ಜಾಗಾ ಇರಲಿ."

ಮಾನಮಿ ಅಮಾಸಿಯ ದಿನ ಹಿನ್ನೀರು ತುಂಬಿ ನಿಂತಿತ್ತು. ಸುಭಾಷ್ ರಬಕವಿಯಿಂದ ಕಂಪ್ಯೂಟರು ತಂದು, ದಂಡೆಯ ಹುಣಸೆಮರದ ಕೆಳಗೆ ಕೊಡೆ ಕಟ್ಟಿ ನೆರಳು ಮಾಡಿಕೊಂಡು ಕೂತ. ಪಕ್ಕದಲ್ಲಿ ಕೌದಿ ಹಾಸಿ ತಾಯವ್ವನನ್ನು ಕೂರಿಸಿ, ಅವಳ ಕೈಗೊಂದು ಕೈರೇಡಿಯೋ ಕೊಟ್ಟ. "ಲೈಸನ್ಸ್ ಇಲ್ಲದವರ ಕೈಯಾಗ ಇದನ್ನ ಕೊಡಬಾರದು ಅವ್ವಾರ. ನಾ ಬಾಜೂಕ ಅದೇನಂತ ನಡೀತೈತಿ. ಮಾತಾಡೂಮುಂದ ಇದನ್ನ ಒತ್ತರಿ, ಆದಮ್ಯಾಲ ಬಿಡ್ರಿ."

ಮೊದಲು ಉಳಿದವರ ಸರದಿ. ಹನ್ನೊಂದನೆಯ ನಂಬರಿಗೆ ಪದ್ಮವ್ವ ಬಂದಳು. ಬಾಳೇಶ ಕೈ ಎತ್ತಿದ, ಹೊಳೆಪ್ಪ ಹುಟ್ಟು ನಿಲ್ಲಿಸಿದ. ಪದ್ಮವ್ವ ದೋಣಿಯ ಅಂಚಿಗೆ ಬಾಗಿ ನೀರಿಗೆ ಮಾತಾಡಿದಳು. "ಏನ್ರಿ, ಈ ವರ್ಷಾನೂ ಹಂಗ ಕುಂತೀರೇನು ಸುಮ್ಮ? ಮಗಾ ಮನಿ ಮುಂದ ಪತ್ರಾಸ ಹಾಕ್ಸ್ಯಾನ, ಮಳಿ ಬಂದ್ರ ಡೊಳ್ಳ ಬಡದಂಗ ಬಡೀತೈತಿ. ನೀವಿದ್ರ ಹಾಕಗೊಡ್ತಿದ್ದಿಲ್ಲ. ತಗೋರಿ, ಉಣ್ರಿ. ಬೆಲ್ಲ ಕಮ್ಮಿ ಅನಬ್ಯಾಡ್ರಿ." ಹೋಳಿಗೆ ನೀರಿಗೆ ಬಿಟ್ಟಳು. ಬಾಳೇಶ ಬೇರೆ ಕಡೆ ನೋಡುತ್ತ ಕೂತ. ಅವಳು ಏನೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಎಲ್ಲರದೂ ಮುಗಿದಾಗ ಮಧ್ಯಾಹ್ನ. ಮಾದಲಿಯ ಬುಟ್ಟಿಯನ್ನು ಮುಂದಿಟ್ಟುಕೊಂಡು ಅವನು ಒಂದನೆಯ ನಂಬರಿಗೆ ಹೊರಟ. ರಿಸೀವರು, ರೇಡಿಯೋ ಎರಡೂ ಚೆನ್ನಾಗಿ ಕೆಲಸ ಮಾಡಿದವು. ದೋಣಿಯ ಜಾಗ ಹತ್ತು ಸೆಕೆಂಡಿಗೊಮ್ಮೆ ದಂಡೆಗೆ ಹೋಗುತ್ತಿತ್ತು. ಸುಭಾಷ್ ಅದನ್ನು ನೋಡಿ ಕೈರೇಡಿಯೋದಲ್ಲಿ ದಾರಿ ಹೇಳುತ್ತಿದ್ದ. "ಇಪ್ಪತ್ತ ಮೀಟರು. ಇನ್ನ ಸುತ್ತ ಹೊಡಿ. ಸ್ವಲ್ಪ ಎಡಕ್ಕ ತಗೋ."

ಇಪ್ಪತ್ತರ ಸುತ್ತು, ನಲವತ್ತರ ಸುತ್ತು. ಬಾಳೇಶ ಹಿಡಿ ತುಂಬಿ ನೀರಿನ ಮೇಲೆ ತೂರುತ್ತ ಹೋದ. ಗೋಧಿಯ ಹುಡಿ, ಬೆಲ್ಲ, ಕೊಬ್ಬರಿಯ ಚೂರು ಒಂದು ಕ್ಷಣ ತೇಲಿ ಕೆಳಗಿಳಿಯುತ್ತಿದ್ದವು. ಹೊಳೆಪ್ಪನಿಗೆ ಎಲ್ಲ ಗೊತ್ತಿತ್ತು. ಒಂದೇ ಸಮ ಹುಟ್ಟು ಹಾಕುತ್ತಿದ್ದ. ಅರವತ್ತರ ಸುತ್ತಿನಲ್ಲಿ ರೇಡಿಯೋ ಒಮ್ಮೆ ಕರಕರ ಎಂದಿತು. ತಾಯವ್ವ ಬಟನ್ ಒತ್ತಿದ್ದಳೇನೋ, ದಂಡೆಯ ಮಾತು ಕೇಳಿಸಿತು.

"ಇದೇನ ತಾಯವ್ವ, ನಿನ್ನ ಮಗಾ ಗಾಣದ ಎತ್ತಿನಂಗ ತಿರಗಾಕತ್ತಾನ?" ಪದ್ಮವ್ವನ ಧ್ವನಿ.

"ನಾನ ತಿರಗ ಅಂದೇನಿ."

"ನಂಬರ ಸಿಗವಲ್ದೇನು?"

ತಾಯವ್ವ ಅಂದಳು, "ನಂಬರ ಸಿಕ್ಕೈತಿ. ಮಗಳ ಸಿಗವಲ್ಲಳು."

ರೇಡಿಯೋ ನಿಂತಿತು. ಪದ್ಮವ್ವ ಏನೆಂದಳೋ ಬಾಳೇಶನಿಗೆ ಕೇಳಿಸಲಿಲ್ಲ.

ಎಂಬತ್ತರ ಸುತ್ತು ಮುಗಿಯುವಾಗ ಬುಟ್ಟಿಯ ತಳ ಕಾಣತೊಡಗಿತ್ತು. ಹಿಡಿ ಹೋಗಿ ಚಿಟಿಕೆಯಾಯಿತು. ಹೊರಗಿನ ಸುತ್ತು ಎಲ್ಲಕ್ಕಿಂತ ದೊಡ್ಡದೆಂಬುದು ಅಡುಗೆ ಮಾಡುವಾಗ ಯಾರಿಗೂ ಹೊಳೆದಿರಲಿಲ್ಲ. ನೂರರ ಸುತ್ತಿನಲ್ಲಿ ತೆಂಕಣ, ಪಡುವಣ ದಾಟಿ, ಬಡಗಣಕ್ಕೆ ತಿರುಗುವಷ್ಟರಲ್ಲಿ ಕೊನೆಯ ಚಿಟಿಕೆಯೂ ಕೈ ಬಿಟ್ಟಿತು. ಮೂಡಣದ ಕಡೆ ಇನ್ನೂ ಅಷ್ಟು ದೂರ ನೀರು ಹಾಗೆಯೇ ಹೊಳೆಯುತ್ತ ಬಿದ್ದಿತ್ತು.

ಬಾಳೇಶ ಕೈರೇಡಿಯೋ ಎತ್ತಿದ. "ಅವ್ವ, ಮಾದಲಿ ತೀರಿತು. ಮೂಡಲ ಕಡಿ ಉಳೀತು."

ಕೈರೇಡಿಯೋದ ಹಸಿರು ದೀಪ ಹೊತ್ತಿತು. ಆ ಕಡೆ ಬಟನ್ ಒತ್ತಿದ್ದಳು. ಆದರೆ ಮಾತು ಬರಲಿಲ್ಲ. ಹುಣಸೆಯ ಎಲೆಗಳಲ್ಲಿ ಗಾಳಿ, ಎಲ್ಲೋ ಒಂದು ಆಡು, ಯಾರದೋ ಕೆಮ್ಮು, ಅವಳ ಉಸಿರು. ಸುಭಾಷ್ ಮೆಲ್ಲಗೆ ಹೇಳುತ್ತಿದ್ದುದು ಕೇಳಿಸಿತು, "ಅವ್ವಾರ, ಬಟನ್ ಬಿಡ್ರಿ. ನೀವು ಒತ್ತಿ ಹಿಡಿದ್ರ ಅವಗ ಮಾತಾಡಾಕ ಬರೂದಿಲ್ಲ." ದೀಪ ಆರಲಿಲ್ಲ.

"ಏನಂದ್ಳು?" ಹೊಳೆಪ್ಪ ಕೇಳಿದ.

"ಏನೂ ಅಂದಿಲ್ಲ ಕಾಕಾ."

ಹೊಳೆಪ್ಪ ಹುಟ್ಟನ್ನು ನೀರಿಗಿಳಿಸಿ, ಮೂಡಣದ ಕಡೆಗೆ ದೋಣಿಯನ್ನು ತಿರುಗಿಸಿದ. ಬಾಳೇಶ ಬುಟ್ಟಿಯನ್ನು ನೀರಲ್ಲಿ ಅದ್ದಿ, ಬಿದಿರಿಗೆ ಅಂಟಿದ್ದ ಹುಡಿಯನ್ನು ತೊಳೆದು ಬಿಟ್ಟ. ಮತ್ತೊಮ್ಮೆ ಅದ್ದಿದ. ಆಮೇಲೆ ತೊಳೆಯಲು ಏನೂ ಉಳಿಯಲಿಲ್ಲ. ದೋಣಿ ಹೋಗುತ್ತಲೇ ಇತ್ತು. ಅವನು ಒದ್ದೆಯಾದ ಬರಿಗೈಯನ್ನು ಅಂಚಿನಾಚೆ ಚಾಚಿ, ಮುಷ್ಟಿ ಬಿಚ್ಚುತ್ತ, ಮುಚ್ಚುತ್ತ ಕೂತ. ತೊಡೆಯ ಮೇಲಿನ ರೇಡಿಯೋದಲ್ಲಿ ದೀಪ ಉರಿಯುತ್ತಿತ್ತು, ತಾಯವ್ವ ಉಸಿರಾಡುತ್ತಿದ್ದಳು.